ಬಂಕಾಪುರ: ಹೆದ್ದಾರಿಯ ಬದಿಯ ಊರು, ಊರಾಚೆ ಉಳಿದ ಚರಿತ್ರೆ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಾಗುವವರಿಗೆ ಬಂಕಾಪುರವೆಂಬ ಹೆಸರು ಹೊಸದಲ್ಲ. ಈ ಹಾದಿಯ ಟೋಲ್ ನಾಕೆಯೊಂದು ಆ ಹೆಸರನ್ನು ಹೊತ್ತಿದೆ. ಹಿಂದೆ 4ನೆಯ ಸಂಖ್ಯೆಯಿಂದ ಗುರುತಾಗಿದ್ದ ಪುಣೆ–ಬೆಂಗಳೂರು ರಸ್ತೆ ಇದೇ. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿಗೆ ಸೇರಿದ ಈ ಊರು ಹೆದ್ದಾರಿಯಿಂದ ತುಸು ಒಳಗಿದೆ. ಆದ್ದರಿಂದ ಬಹುಮಂದಿ ಪ್ರಯಾಣಿಕರಿಗೆ ಬಂಕಾಪುರವೆಂದರೆ ಫಲಕದ ಮೇಲಿನ ಒಂದು ಹೆಸರಷ್ಟೆ. ಆ ಹೆಸರು ಸುಮಾರು ಹನ್ನೊಂದೂವರೆ ಶತಮಾನಗಳ ಹಿಂದೆ ಬದುಕಿದ್ದ ಒಬ್ಬ ಸೇನಾನಿಯದು ಎಂಬುದು ಫಲಕವನ್ನು ಓದುವವರ ಅರಿವಿಗೆ ಬರುವುದಿಲ್ಲ.

ಈ ಹೆದ್ದಾರಿಯ ಎಡಬಲಗಳಲ್ಲಿ ಪರಂಪರೆಯ ತಾಣಗಳಿಗೆ ಕೊರತೆಯಿಲ್ಲ. ಹಾವೇರಿಯ ಸಿದ್ಧೇಶ್ವರ ದೇವಾಲಯ, ಹಾನಗಲ್ಲಿನ ತಾರಕೇಶ್ವರ ದೇವಾಲಯ, ಪುಲಿಗೆರೆಯೆಂದು ಪ್ರಾಚೀನ ಕಾವ್ಯಗಳು ಹೆಸರಿಸುವ ಲಕ್ಷ್ಮೇಶ್ವರದ ಶಂಖಬಸದಿ, ಕನಕದಾಸರ ಹುಟ್ಟೂರೆಂದು ಪ್ರಸಿದ್ಧವಾದ ಬಾಡ, ಇವೆಲ್ಲವೂ ಒಂದೆರಡು ದಿನಗಳ ಪ್ರವಾಸದ ಅಳವಿಗೆ ಬರುವಂಥವು. ಇವುಗಳಲ್ಲಿ ಬಹುಪಾಲು ಊರುಗಳ ಚರಿತ್ರೆಯನ್ನು ಅಲ್ಲಿ ನಿಂತಿರುವ ಕಟ್ಟಡಗಳ ಮೂಲಕವೇ ಪ್ರವೇಶಿಸಬಹುದು. ಬಂಕಾಪುರದ ವಿಷಯ ಹಾಗಲ್ಲ. ಕನ್ನಡನಾಡಿನ ಜೈನ ಸಂಸ್ಕೃತಿಯಲ್ಲಿಯೂ ಸಾಹಿತ್ಯ ಚರಿತ್ರೆಯಲ್ಲಿಯೂ ಈ ಊರಿಗಿರುವ ಸ್ಥಾನವನ್ನು ತಿಳಿಸುವ ಮುಖ್ಯ ಆಧಾರಗಳು ಈ ಊರಿನಲ್ಲಿಲ್ಲ. ಒಂದು ಆಧಾರ ಮಲಪ್ರಭೆಯ ತೀರದ ಹಳ್ಳಿಯೊಂದರ ಕಲ್ಲಿನಲ್ಲಿದೆ, ಇನ್ನೊಂದು ಸಂಸ್ಕೃತ ಪುರಾಣವೊಂದರ ಪ್ರಶಸ್ತಿಪದ್ಯಗಳಲ್ಲಿದೆ, ಮತ್ತೆರಡು ಶ್ರವಣಬೆಳಗೊಳದಲ್ಲಿವೆ. ಇವನ್ನು ಒಂದೆಡೆ ಇರಿಸಿ ನೋಡದೆ ಬಂಕಾಪುರವನ್ನು ನೋಡಿದಂತಾಗುವುದಿಲ್ಲ.

ಊರಿಗೆ ಬಂದವರಿಗೆ ಮೊದಲು ಕಾಣುವುದು ಕೋಟೆ. ಗೋಡೆಗಳು ಬಹುಮಟ್ಟಿಗೆ ಶಿಥಿಲವಾಗಿವೆ. ಕಂದಕದ ಆಳ ಮಾತ್ರ ಹಿಂದಿನ ಬಲವನ್ನು ಇನ್ನೂ ಸೂಚಿಸುತ್ತದೆ. ಕೋಟೆಯ ಆವರಣದಲ್ಲಿ ಖಿಲಾರಿ ತಳಿಯ ದನಗಳ ಸಂವರ್ಧನಾ ಕೇಂದ್ರವಿದೆ. ಇಲ್ಲಿ ಬೆಳೆದು ನಿಂತ ಮರಗಿಡಗಳ ನಡುವೆ ನವಿಲುಗಳು ಹೆಚ್ಚಾಗಿ ನೆಲೆಸಿದ್ದರಿಂದ 2006ರಲ್ಲಿ ಈ ಪ್ರದೇಶ ನವಿಲುಧಾಮವಾಯಿತು. ಕೋಟೆಯೊಳಗಿನ ಪ್ರಮುಖ ಸ್ಮಾರಕ ಕಲ್ಯಾಣ ಚಾಲುಕ್ಯ ಶೈಲಿಯ ನಗರೇಶ್ವರ ದೇವಾಲಯ. ಕಡೆದು ನುಣುಪುಗೊಳಿಸಿದ ಕಂಬಗಳ ಸಾಲುಗಳಿಂದಾಗಿ ಜನ ಅದನ್ನು ‘ಅರವತ್ತು ಕಂಬದ ಗುಡಿ’ ಎಂದು ಕರೆಯುತ್ತಾರೆ. ಬ್ರಿಟಿಷರ ಕಾಲದ ಬರೆಹಗಳಲ್ಲಿ ಇದಕ್ಕೆ ‘ಅರವತ್ತು ಕಂಬದ ಬಸ್ತಿ’ ಎಂಬ ಹೆಸರೂ ಸಿಗುತ್ತದೆ. ಹೆಸರಿನಲ್ಲಿ ‘ಬಸ್ತಿ’ ಎಂಬ ಪದವಿರುವ ಮಾತ್ರಕ್ಕೆ ಈ ಕಟ್ಟಡವನ್ನು ಮೂಲತಃ ಜಿನಾಲಯವೆಂದು ಹೇಳಲು ಹೊರಡುವುದು ಸರಿಯಾಗಲಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಾಚೀನವಾದ ಕಲ್ಲುಗುಡಿಗಳನ್ನೆಲ್ಲ ಜೈನ ನಿರ್ಮಿತಿಗಳೆಂದು ಕರೆಯುವ ರೂಢಿ ವ್ಯಾಪಕವಾಗಿತ್ತು. ಬಂಕಾಪುರದ ಜೈನ ಚರಿತ್ರೆಗೆ ಇಂಥ ಸಡಿಲ ಆಧಾರದ ಅಗತ್ಯವೂ ಇಲ್ಲ. ಅದರ ಸಾಕ್ಷ್ಯಗಳು ಗಟ್ಟಿಯಾಗಿವೆ, ಆದರೆ ಬೇರೆಡೆ ಇವೆ.

ಮೊದಲನೆಯ ಸಾಕ್ಷ್ಯ ಕೊಣ್ಣೂರಿನದು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ, ನರಗುಂದ ತಾಲ್ಲೂಕಿನಲ್ಲಿರುವ ಈ ಹಳ್ಳಿಯ ಪ್ರಾಚೀನ ಹೆಸರು ಕೊಳನೂರು. ಇಲ್ಲಿಯ ಶಿಲಾಶಾಸನ ಶಕ 782ರ, ಎಂದರೆ ಕ್ರಿ.ಶ. 860ರ, ದಾನವೊಂದನ್ನು ದಾಖಲಿಸುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಚಂದ್ರಗ್ರಹಣದ ಸಂದರ್ಭದಲ್ಲಿ ತನ್ನ ಸೇನಾನಿ ಬಂಕೇಯನ ಬಿನ್ನಹವನ್ನು ಮನ್ನಿಸಿ, ಬಂಕೇಯನು ಕೊಳನೂರಿನಲ್ಲಿ ಕಟ್ಟಿಸಿದ್ದ ಜಿನಾಲಯಕ್ಕಾಗಿ ದೇವೇಂದ್ರ ಮುನಿಗೆ ತಲೆಯೂರನ್ನೂ ಇತರ ಭೂಮಿಗಳನ್ನೂ ದತ್ತಿ ಕೊಟ್ಟನು. ಇಂದು ಉಳಿದಿರುವ ಕಲ್ಲು ಆ ಕಾಲದ ಮೂಲಪ್ರತಿಯಲ್ಲ. ಮೂಲ ತಾಮ್ರಶಾಸನವನ್ನು ಕಂಡು, ಮೇಘಚಂದ್ರ ತ್ರೈವಿದ್ಯರ ಶಿಷ್ಯರಾದ ವೀರನಂದಿ ಮುನಿಗಳು ಮುಂದೆ ಅದನ್ನು ಕಲ್ಲಿಗೆ ಇಳಿಸಿಸಿದರೆಂದು ಶಾಸನದ ಕೊನೆಯ ಭಾಗವೇ ಹೇಳುತ್ತದೆ. ತಾಮ್ರಪಟ ಕಳೆದುಹೋಗಬಹುದು, ಕಲ್ಲು ನಿಲ್ಲಬಹುದು ಎಂಬ ತಿಳಿವಳಿಕೆ ಆ ಮುನಿಗಳಿಗೆ ಇದ್ದಿರಬೇಕು. ಬಂಕೇಯನ ಸಾಧನೆಗಳು ಇಷ್ಟು ವಿವರವಾಗಿ ಇಂದಿನವರಿಗೆ ದೊರೆತಿರುವುದು ಆ ಪ್ರತಿಯಿಂದ.

ಶಾಸನವು ಚಿತ್ರಿಸುವ ಬಂಕೇಯ ಬನವಾಸಿ ಮೊದಲಾದ ಮೂವತ್ತು ಸಾವಿರ ಗ್ರಾಮಗಳ ಆಡಳಿತ ನಡೆಸುತ್ತಿದ್ದವನು. ಗಂಗವಾಡಿಯ ದಂಡಯಾತ್ರೆಯಲ್ಲಿ ಕೇದಳ ಕೋಟೆಯನ್ನು ಹಿಡಿದು, ತಲವನಪುರದ ಒಡೆಯನನ್ನು ಓಡಿಸಿ, ಕಾವೇರಿಯನ್ನು ದಾಟಿದವನು. ತಲವನಪುರವೆಂದರೆ ಗಂಗರ ರಾಜಧಾನಿ ತಲಕಾಡು. ಅಷ್ಟರಲ್ಲಿ ಸಾಮ್ರಾಜ್ಯದ ಒಳಗೇ ಬಂಡಾಯ ತಲೆದೋರಿದಾಗ ಒಡೆಯನ ಕರೆಗೆ ಓಗೊಟ್ಟು ಹಿಂದಿರುಗಿದ ಆತ, ಮೂರು ತಿಂಗಳೊಳಗೆ ವೈರಿಗಳನ್ನು ಅಡಗಿಸದಿದ್ದರೆ ಅಗ್ನಿಯನ್ನು ಪ್ರವೇಶಿಸುವೆನೆಂದು ಪ್ರತಿಜ್ಞೆ ಮಾಡಿದನೆಂದು ಶಾಸನ ಹೇಳುತ್ತದೆ. ಪ್ರಶಸ್ತಿಶಾಸನಗಳ ಮಾತಿನಲ್ಲಿ ಉತ್ಪ್ರೇಕ್ಷೆ ಸಹಜ. ಆದರೂ ಬಂಕೇಯನು ಚಕ್ರವರ್ತಿಗೆ ಎಷ್ಟು ಹತ್ತಿರದವನಾಗಿದ್ದನೆಂಬುದಕ್ಕೂ, ಗಂಗರೊಡನೆ ಆತನಿಗೆ ಯುದ್ಧದ ಸಂಬಂಧವಿತ್ತೆಂಬುದಕ್ಕೂ ಈ ಮಾತುಗಳು ಸಾಕ್ಷಿಯಾಗುತ್ತವೆ. ಈ ಎರಡನೆಯ ಸಂಗತಿಯನ್ನು ನೆನಪಿನಲ್ಲಿ ಇರಿಸಿಕೊಳ್ಳಬೇಕು. ಬಂಕಾಪುರದ ಮುಂದಿನ ಚರಿತ್ರೆ ಅದಕ್ಕೆ ತೀರ ಭಿನ್ನವಾದ ತಿರುವನ್ನು ಕೊಡುತ್ತದೆ.

ಎರಡನೆಯ ಸಾಕ್ಷ್ಯ ಸಾಹಿತ್ಯದ ವಿದ್ಯಾರ್ಥಿಗಳಿಗೆ ಇನ್ನೂ ಸಮೀಪದ್ದು. ಅಮೋಘವರ್ಷನ ಗೌರವಕ್ಕೆ ಪಾತ್ರರಾಗಿದ್ದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಮಹಾಪುರಾಣವನ್ನು ಆರಂಭಿಸಿದರು. ಅದರ ಮೊದಲ ಭಾಗವಾದ ಆದಿಪುರಾಣದ 42 ಪರ್ವಗಳೂ 43ನೆಯ ಪರ್ವದ ಮೂರು ಶ್ಲೋಕಗಳೂ ಮುಗಿಯುವಷ್ಟರಲ್ಲಿ ಅವರ ಕಾಲವಾಯಿತು. ಶಿಷ್ಯರಾದ ಗುಣಭದ್ರಾಚಾರ್ಯರು ಆದಿಪುರಾಣವನ್ನು 47 ಪರ್ವಗಳಿಗೆ ಪೂರ್ಣಗೊಳಿಸಿ, ಉಳಿದ 23 ತೀರ್ಥಂಕರರ ಚರಿತೆಯನ್ನು ಉತ್ತರಪುರಾಣವಾಗಿ ರಚಿಸಿದರು. ಆ ಉತ್ತರಪುರಾಣದ ಕೊನೆಯಲ್ಲಿರುವ ಪ್ರಶಸ್ತಿಯ ಒಂದು ಭಾಗ ಗುಣಭದ್ರರ ಶಿಷ್ಯ ಲೋಕಸೇನ ಮುನಿಯದು. ಅದರ ಪ್ರಕಾರ, ಅಕಾಲವರ್ಷನೆಂಬ ಬಿರುದಿನ ಎರಡನೆಯ ಕೃಷ್ಣನು ಚಕ್ರವರ್ತಿಯಾಗಿದ್ದಾಗ, ಬಂಕೇಯನ ಮಗ ಲೋಕಾದಿತ್ಯನು ಬಂಕಾಪುರದಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕ 820ರ ಪಿಂಗಲ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 897–98ರಲ್ಲಿ, ಈ ಪುರಾಣ ಭವ್ಯರ ಪೂಜೆಯನ್ನು ಪಡೆಯಿತು. ಊರಿಗೆ ಲೋಕಾದಿತ್ಯನ ತಂದೆ ತನ್ನ ಹೆಸರನ್ನೇ ಇಟ್ಟನೆಂಬ ಮಾತೂ ಅಲ್ಲಿಯೇ ಬರುತ್ತದೆ. ಹೆದ್ದಾರಿಯ ಫಲಕದ ಮೇಲಿರುವ ಹೆಸರಿಗೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಾಗಿಲ್ಲ.

ಗ್ರಂಥವೊಂದನ್ನು ಬರೆದು ಮುಗಿಸುವುದು ಬೇರೆ, ಆ ಗ್ರಂಥವನ್ನು ಸಮುದಾಯ ಕೂಡಿ ಪೂಜಿಸುವುದು ಬೇರೆ. ಬಂಕಾಪುರದಲ್ಲಿ ನಡೆದದ್ದು ಈ ಎರಡನೆಯದು. ಆ ಪೂಜೆಗೆ ಪಾತ್ರವಾದ ಮಹಾಪುರಾಣ ಕನ್ನಡ ಸಾಹಿತ್ಯಕ್ಕೆ ಕೊಟ್ಟದ್ದೇನೆಂಬುದನ್ನು ಅಧ್ಯಯನಕಾರರು ಬಲ್ಲರು. ಕ್ರಿ.ಶ. 941ರಲ್ಲಿ ಪಂಪನು ರಚಿಸಿದ ಆದಿಪುರಾಣಕ್ಕೆ ಜಿನಸೇನರ ಕೃತಿಯೇ ಆಕರ. ಕ್ರಿ.ಶ. 978ರ ಚಾವುಂಡರಾಯಪುರಾಣವು ಜಿನಸೇನ–ಗುಣಭದ್ರರ ಮಹಾಪುರಾಣವನ್ನು ಕನ್ನಡ ಗದ್ಯಕ್ಕೆ ಇಳಿಸಿದ ಕೃತಿ. ಬಂಕಾಪುರವನ್ನು ಕೇವಲ ಆಡಳಿತ ಕೇಂದ್ರವೆಂದು ಓದಿದರೆ ಈ ಸಂಬಂಧ ಕಣ್ತಪ್ಪುತ್ತದೆ.

ಮೂರನೆಯ ಸಾಕ್ಷ್ಯಕ್ಕಾಗಿ ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಏರಬೇಕು. ಅಲ್ಲಿಯ ಬಸದಿಗಳ ಆವರಣದ ದಕ್ಷಿಣ ದ್ವಾರದಲ್ಲಿ ಕೂಗೆ ಬ್ರಹ್ಮದೇವ ಕಂಬವಿದೆ. ಆ ಕಂಬದ ನಾಲ್ಕೂ ಮುಖಗಳಲ್ಲಿ ಹಬ್ಬಿರುವ ಶಾಸನ ಗಂಗದೊರೆ ಎರಡನೆಯ ಮಾರಸಿಂಹನದು. ನೊಳಂಬಕುಲಾಂತಕ, ಗಂಗಚೂಡಾಮಣಿ ಮೊದಲಾದ ಬಿರುದುಗಳನ್ನೂ ಗೆದ್ದ ಯುದ್ಧಗಳನ್ನೂ ದೀರ್ಘವಾಗಿ ಎಣಿಸಿದ ಮೇಲೆ, ಶಾಸನವು ಕೊನೆಯಲ್ಲಿ ಸ್ವರವನ್ನು ತಗ್ಗಿಸಿ ಕೆಲವೇ ಮಾತುಗಳಲ್ಲಿ ಆತನ ಅಂತ್ಯವನ್ನು ಹೇಳುತ್ತದೆ. ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದಸನ್ನಿಧಿಯಲ್ಲಿ, ಆರಾಧನಾವಿಧಿಯಿಂದ ಮೂರು ದಿನ ವ್ರತವನ್ನು ಆಚರಿಸಿ ಸಮಾಧಿಯನ್ನು ಪಡೆದನು. ಕಾಲ ಕ್ರಿ.ಶ. 974.

ಬಂಕೇಯನ ಸೇನೆ ತಲಕಾಡಿನ ಒಡೆಯನನ್ನು ಓಡಿಸಿತೆಂದು ಕೊಣ್ಣೂರಿನ ಶಾಸನ ಹೇಳಿದ ವರ್ಷದಿಂದ ಎಣಿಸಿದರೆ ಇದು 114 ವರ್ಷಗಳ ಅನಂತರದ ಮಾತು. ಗಂಗರ ಮೇಲೆ ದಂಡೆತ್ತಿ ಹೋದವನು ಕಟ್ಟಿದ ಊರಿಗೆ ಗಂಗರ ದೊರೆಯೇ ಕೊನೆಯ ದಿನಗಳನ್ನು ಕಳೆಯಲು ಬಂದನು. ಈ ಬದಲಾವಣೆಗೆ ರಾಜಕೀಯ ಕಾರಣಗಳಿವೆ. ಅಮೋಘವರ್ಷನು ತನ್ನ ಮಗಳು ಚಂದ್ರೊಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಮದುವೆ ಮಾಡಿಕೊಟ್ಟು ದ್ವೇಷವನ್ನು ನಂಟಾಗಿ ಮಾರ್ಪಡಿಸಿದನು. ಮುಂದೆ ಮೂರನೆಯ ಕೃಷ್ಣನ ಸೋದರಿ ರೇವಕನಿಮ್ಮಡಿ ಎರಡನೆಯ ಬೂತುಗನನ್ನು ವರಿಸಿದಳು. ತಕ್ಕೋಲಂ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಆ ಬೂತುಗನಿಗೆ ಕೃಷ್ಣನು ಬನವಾಸಿ ಹನ್ನೆರಡು ಸಾವಿರ, ಪುಲಿಗೆರೆ ಮುನ್ನೂರು ಮೊದಲಾದ ನಾಡುಗಳನ್ನು ಮೆಚ್ಚಿ ಕೊಟ್ಟನೆಂದು ಆತಕೂರಿನ ಶಾಸನ ತಿಳಿಸುತ್ತದೆ. ಮಾರಸಿಂಹ ಇದೇ ಬೂತುಗನ ಮಗ. ಹೀಗೆ ಬಂಕಾಪುರದ ಸುತ್ತಲಿನ ನಾಡು ಆತನಿಗೆ ಪರಕೀಯವಾಗಿರಲಿಲ್ಲ.

ಆದರೆ ರಾಜಕೀಯದಿಂದ ಮಾತ್ರ ಆತನ ಆಯ್ಕೆಯನ್ನು ವಿವರಿಸಲಾಗದು. ಕ್ರಿ.ಶ. 973ರಲ್ಲಿ ಚಾಲುಕ್ಯ ತೈಲಪನ ಏಳಿಗೆಯಿಂದ ರಾಷ್ಟ್ರಕೂಟ ಸಾಮ್ರಾಜ್ಯ ಕುಸಿದಿತ್ತು. ಮಾರಸಿಂಹನು ಆ ವಂಶದ ನಾಲ್ಕನೆಯ ಇಂದ್ರನಿಗೆ ಪಟ್ಟ ಕಟ್ಟಿ ಮುಳುಗುವ ಸಾಮ್ರಾಜ್ಯವನ್ನು ಎತ್ತಿ ಹಿಡಿಯಲು ಯತ್ನಿಸಿದ್ದನು. ಆ ಯತ್ನ ಫಲಿಸದೆ ಹೋದಾಗ ಆತ ಸಾವಿಗೆ ಆಯ್ದುಕೊಂಡದ್ದು ರಾಜಧಾನಿ ತಲಕಾಡನ್ನಲ್ಲ, ಆ ವೇಳೆಗಾಗಲೇ ಪವಿತ್ರ ಸಮಾಧಿಕ್ಷೇತ್ರವಾಗಿದ್ದ ಕಳ್ಬಪ್ಪು ಬೆಟ್ಟವನ್ನೂ ಅಲ್ಲ. ಗುರು ಎಲ್ಲಿದ್ದರೋ ಅಲ್ಲಿಗೆ ಆತ ಬಂದನು. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಓದುವ ಆರಾಧನೆಯ ಕ್ರಮ ಕೇವಲ ಗ್ರಂಥದೊಳಗಿನ ಆದರ್ಶವಾಗಿರಲಿಲ್ಲ. ದೊರೆಯೊಬ್ಬ ಸಂಕಟಕಾಲದಲ್ಲಿ ಹುಡುಕಿಕೊಂಡು ಬರುವಷ್ಟು ಜೀವಂತವಾದ ಆಚರಣೆಯಾಗಿತ್ತು ಎಂಬುದಕ್ಕೆ ಬಂಕಾಪುರದ ಈ ಮೂರು ದಿನಗಳು ನಿದರ್ಶನ.

ಅಜಿತಸೇನರ ಹೆಸರು ಕನ್ನಡ ಸಾಹಿತ್ಯ ಚರಿತ್ರೆಯ ಪ್ರಮುಖ ಸಂಧಿಯೊಂದರಲ್ಲಿ ನಿಂತಿದೆ. ಮಾರಸಿಂಹನ ಮಂತ್ರಿಯೂ ಗದ್ಯಕಾರನೂ ಆದ ಚಾವುಂಡರಾಯನಿಗೆ ಅವರು ಗುರುಗಳು; ನೇಮಿಚಂದ್ರಾಚಾರ್ಯರ ಗೊಮ್ಮಟಸಾರವೂ ಇದನ್ನು ಹೇಳುತ್ತದೆ. ಕ್ರಿ.ಶ. 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನಿಗೂ ಅವರೇ ಗುರುಗಳು. ಮುದುವೊಳಲಿನ ಬಳೆಗಾರ ಮನೆತನದ ಹುಡುಗನೊಬ್ಬ, ಗಂಗರಾಜ್ಯದ ಪ್ರಬಲ ಮಂತ್ರಿಯೊಬ್ಬ, ಕಿರೀಟವನ್ನು ಕಳಚಿಟ್ಟ ದೊರೆಯೊಬ್ಬ, ಈ ಮೂವರೂ ಒಬ್ಬನೇ ಗುರುವಿನ ಶಿಷ್ಯರು. ಉತ್ತರಪುರಾಣಕ್ಕೆ ಪೂಜೆ ಸಂದ ಊರಿನಲ್ಲಿ ಮುಕ್ಕಾಲು ಶತಮಾನದ ತರುವಾಯ ನೆಲೆಸಿದ್ದ ಆಚಾರ್ಯರ ಶಿಷ್ಯನೇ ಆ ಪುರಾಣವನ್ನು ಕನ್ನಡ ಗದ್ಯಕ್ಕೆ ತಂದನೆಂಬುದನ್ನು ಆಕಸ್ಮಿಕವೆಂದು ಬದಿಗೆ ಸರಿಸುವುದು ಕಷ್ಟ. ಗ್ರಂಥ, ಗುರು, ಶಿಷ್ಯ ಈ ಮೂರನ್ನೂ ಜೋಡಿಸುವ ನೆಲೆಯಾಗಿ ಬಂಕಾಪುರ ಕೆಲಸ ಮಾಡಿತು.

ಇಂಥ ನೆಲೆ ಏನಾಯಿತು ಎಂಬ ಪ್ರಶ್ನೆಗೆ ಬಂಕಾಪುರದ ಕೋಟೆಯಲ್ಲಿಯೇ ದೊರೆತ ಒಂದು ಶಾಸನ ಭಾಗಶಃ ಉತ್ತರ ಕೊಡುತ್ತದೆ. ಅದು ಶಕ 977ರದು, ಎಂದರೆ ಕ್ರಿ.ಶ. 1055ರದು. ಚಾಲುಕ್ಯ ರಾಜಕುಮಾರ ವಿಕ್ರಮಾದಿತ್ಯನು ಗಂಗವಾಡಿಯನ್ನೂ ಬನವಾಸಿಯನ್ನೂ ಆಳುತ್ತಿದ್ದಾಗ, ಆತನ ಅಧೀನನಾಗಿ ಬನವಾಸಿ ಹನ್ನೆರಡು ಸಾವಿರದ ಆಡಳಿತ ನಡೆಸುತ್ತಿದ್ದ ಕದಂಬ ಹರಿಕೇಸರಿದೇವನೂ ಆತನ ಮಡದಿ ಲಚ್ಚಲದೇವಿಯೂ ಜಿನಾಲಯವೊಂದಕ್ಕೆ ಭೂಮಿಯನ್ನು ದತ್ತಿ ಬಿಟ್ಟರು. ದಾನಿಗಳ ಪಟ್ಟಿ ಅಲ್ಲಿಗೇ ಮುಗಿಯುವುದಿಲ್ಲ. ಬಂಕಾಪುರದ ಐದು ಮಠಗಳ ಸಮೂಹ, ಪಟ್ಟಣದ ನಗರಸಮೂಹ, ‘ಹದಿನಾರು’ ಮಂದಿಯ ಸಭೆ, ಇವೂ ಆ ದಾನದಲ್ಲಿ ಸೇರಿವೆ. ಅರಸನ ಔದಾರ್ಯವೊಂದರಿಂದಲೇ ಬಸದಿಗಳು ಬದುಕಲಿಲ್ಲ. ಊರಿನ ಮಠಗಳೂ ವರ್ತಕರೂ ಸಭೆಗಳೂ ಕೂಡಿ ಅವನ್ನು ತಮ್ಮದೆಂದುಕೊಂಡಾಗ ಬದುಕಿದವು. ಸ್ಥಳೀಯ ಚರಿತ್ರೆಯ ದೃಷ್ಟಿಯಿಂದ ಈ ಶಾಸನಕ್ಕೆ ಹೆಚ್ಚಿನ ಬೆಲೆ ಬರುವುದು ಈ ಕಾರಣದಿಂದ.

ಅದಾದ ಸುಮಾರು ಒಂದು ಶತಮಾನದ ಅನಂತರದ ಚಿತ್ರವನ್ನು ಮತ್ತೆ ಶ್ರವಣಬೆಳಗೊಳವೇ ಕೊಡಬೇಕಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನು ಉತ್ತರಕ್ಕೆ ರಾಜ್ಯವನ್ನು ವಿಸ್ತರಿಸಿ, ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಬಂಕಾಪುರದಿಂದ ಆಳುತ್ತಿದ್ದನು. ಆತನ ಮರಣವೂ ಇಲ್ಲಿಯೇ ಸಂಭವಿಸಿತು. ಆತನಿಗೂ ಆತನ ಮಗ ನರಸಿಂಹನಿಗೂ ಮಂತ್ರಿಯಾಗಿದ್ದ ಹುಳ್ಳರಾಜ 1159ರಲ್ಲಿ ಬೆಳಗೊಳದ ಭಂಡಾರಿ ಬಸದಿಯನ್ನು ಕಟ್ಟಿಸಿದವನು. ಆತನ ಧರ್ಮಕಾರ್ಯಗಳನ್ನು ಹೇಳುವ ಶಾಸನದಲ್ಲಿ ಬಂಕಾಪುರದ ಎರಡು ಜಿನಾಲಯಗಳ ಹೆಸರು ಬರುತ್ತದೆ. ಒಂದು ಉಪ್ಪಟ್ಟಾಯ್ತನು ಕಟ್ಟಿಸಿದ್ದು, ಇನ್ನೊಂದು ಕಲಿವಿಟನು ಕಟ್ಟಿಸಿದ್ದು. ಎರಡೂ ಜೀರ್ಣವಾಗಿದ್ದವು; ಎರಡನ್ನೂ ಹುಳ್ಳನು ಉದ್ಧರಿಸಿದನು. ಕಲಿವಿಟ್ಟರಸನೆಂಬ ಹೆಸರು ಶಾಸನಗಳ ಓದುಗರಿಗೆ ಪರಿಚಿತ. ಹತ್ತನೆಯ ಶತಮಾನದ ಆರಂಭದಲ್ಲಿ ಈ ಹೆಸರಿನ ಮಹಾಸಾಮಂತನು ಬನವಾಸಿ ನಾಡನ್ನು ಆಳುತ್ತಿದ್ದಾಗಲೇ ಗಂಡನನ್ನು ಕಳೆದುಕೊಂಡ ಜಕ್ಕಿಯಬ್ಬೆ ನಾಗರಖಂಡದ ನಾಳ್ಗಾವುಂಡಿಕೆಯನ್ನು ವಹಿಸಿಕೊಂಡದ್ದು, ಕೊನೆಗೆ ಬಂದಳಿಕೆಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟದ್ದು.

ಹುಳ್ಳನ ಜೀರ್ಣೋದ್ಧಾರವನ್ನು ಓದುವವರು ಸಾಮಾನ್ಯವಾಗಿ ಆತನ ಧರ್ಮಶ್ರದ್ಧೆಯನ್ನು ಕೊಂಡಾಡಿ ಮುಂದಕ್ಕೆ ಸಾಗುತ್ತಾರೆ. ಆದರೆ ‘ಜೀರ್ಣೋದ್ಧಾರ’ ಎಂಬ ಪದದಲ್ಲಿ ‘ಜೀರ್ಣ’ವೂ ಇದೆ. 1055ರಲ್ಲಿ ಪಟ್ಟಣದ ಸಂಸ್ಥೆಗಳೇ ಮುಂದೆ ನಿಂತು ಬಸದಿಗೆ ಭೂಮಿ ಕೊಟ್ಟ ಊರಿನಲ್ಲಿ, ಹಳೆಯ ಬಸದಿಗಳನ್ನು ಎತ್ತಿ ನಿಲ್ಲಿಸಲು ಒಂದು ಶತಮಾನದ ಅವಧಿಯಲ್ಲಿ ದ್ವಾರಸಮುದ್ರದ ಮಂತ್ರಿಯೊಬ್ಬ ಬರಬೇಕಾಯಿತು. ಊರಿನ ಆಸರೆ ಅಷ್ಟರಮಟ್ಟಿಗೆ ಸಡಿಲಗೊಂಡಿತ್ತೆಂದು ಊಹಿಸಲು ಇದು ಎಡೆಗೊಡುತ್ತದೆ. ಬಂಕಾಪುರದ ಜೈನ ನೆಲೆಯ ಅಳಿವನ್ನು ಮುಂದಿನ ಶತಮಾನಗಳ ದಾಳಿಗಳಿಗೆ ಮಾತ್ರ ಹೊರಿಸುವವರು ಈ ಶಾಸನವನ್ನು ಮತ್ತೊಮ್ಮೆ ಓದಬೇಕು. ಕೋಟೆಗಾಗಿ ನಡೆದ ಕಾದಾಟಗಳಿಗೆ ಬಹಳ ಮೊದಲೇ ಬಸದಿಗಳ ಗೋಡೆಗಳು ಬಿರುಕು ಬಿಟ್ಟಿದ್ದವು.

ಕಾದಾಟಗಳೂ ಕಡಿಮೆಯೇನಲ್ಲ. ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಹಾದಿಯಲ್ಲಿದ್ದ ಈ ಕೋಟೆಗಾಗಿ ವಿಜಯನಗರದವರೂ ಬಹಮನಿಗಳೂ ಪರಸ್ಪರ ಸೆಣಸಿದರು. ಒಂದನೆಯ ದೇವರಾಯನು ತನ್ನ ಮಗಳನ್ನು ಫಿರೋಜ್ ಶಹನಿಗೆ ಮದುವೆ ಮಾಡಿಕೊಟ್ಟಾಗ ಬಂಕಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಅದು ವಿಜಯಪುರದ ಆದಿಲಶಾಹಿಗಳ ವಶವಾಯಿತು. ಆಮೇಲೆ ಸವಣೂರು ನವಾಬರ ಆಡಳಿತಕ್ಕೆ ಸೇರಿತು. ನಾಯಕನಾಗಿದ್ದ ತಿಮ್ಮಪ್ಪ ಕನಕದಾಸನಾದ ಕಥೆಯನ್ನೂ ಜನರ ನೆನಪು ಇದೇ ಸೀಮೆಯೊಡನೆ ಜೋಡಿಸಿದೆ. ಅಲ್ಲಿಯೂ ಅಧಿಕಾರವನ್ನು ಬಿಟ್ಟವನೊಬ್ಬನ ಕಥೆಯೇ ಉಳಿದಿದೆಯೆಂಬುದು ಗಮನಿಸತಕ್ಕ ಸಂಗತಿ. ಇಂದು ಪ್ರಯಾಣಿಕರು ಕಾಣುವ ಕೋಟೆ ಈ ಎಲ್ಲ ಕಾಲಗಳ ಪದರುಗಳನ್ನು ಹೊತ್ತದ್ದು. ಬಂಕೇಯನ ಕಾಲದ ಊರು ಅದರ ಅತ್ಯಂತ ಕೆಳಗಿನ ಪದರು.

ಸ್ಥಳೀಯ ಚರಿತ್ರೆಯ ಅಧ್ಯಯನಕ್ಕೆ ಬಂಕಾಪುರ ಕಲಿಸುವ ಪಾಠ ಇದರಿಂದ ಸ್ಪಷ್ಟವಾಗುತ್ತದೆ. ಊರಿನ ಚರಿತ್ರೆಯೆಂದರೆ ಊರಿನ ಎಲ್ಲೆಯೊಳಗೆ ಉಳಿದಿರುವ ಕಲ್ಲುಗಳ ಪಟ್ಟಿಯೆಂಬ ಭಾವನೆ ನಮ್ಮ ಪ್ರವಾಸ ಕೈಪಿಡಿಗಳಲ್ಲಿ ಮಾತ್ರವಲ್ಲದೆ ಸಂಶೋಧನ ಪ್ರಬಂಧಗಳಲ್ಲಿಯೂ ಬೇರೂರಿದೆ. ತಾಲ್ಲೂಕು, ಜಿಲ್ಲೆಗಳ ಗಡಿಗೆ ಅನುಗುಣವಾಗಿ ಶಾಸನಗಳನ್ನು ವಿಂಗಡಿಸುವ ಸಂಪುಟಗಳನ್ನು ಮಾತ್ರ ನಂಬಿದರೆ, ಬಂಕೇಯ ಗದಗ ಜಿಲ್ಲೆಗೂ ಮಾರಸಿಂಹ, ಹುಳ್ಳರು ಹಾಸನ ಜಿಲ್ಲೆಗೂ ಸೇರಿಹೋಗುತ್ತಾರೆ. ಲೋಕಸೇನ ಮುನಿ ಯಾವ ಜಿಲ್ಲೆಗೂ ಸೇರುವುದಿಲ್ಲ. ಆಗ ಬಂಕಾಪುರಕ್ಕೆ ಉಳಿಯುವುದು ಒಂದು ಗುಡಿ, ಒಂದು ಕೋಟೆ, ಕೆಲವು ನವಿಲುಗಳು. ಅಜಿತಸೇನರ ಹೆಸರಿಲ್ಲದ ಬಂಕಾಪುರ ಎಷ್ಟು ಅಪೂರ್ಣವೋ, ಬಂಕಾಪುರವನ್ನು ಮರೆತ ಚಾವುಂಡರಾಯ–ರನ್ನರ ಅಧ್ಯಯನವೂ ಅಷ್ಟೇ ಅಪೂರ್ಣ.

ಆದ್ದರಿಂದ ವಿದ್ಯಾರ್ಥಿಗಳನ್ನು ಈ ಹೆದ್ದಾರಿಯಲ್ಲಿ ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯುವ ಅಧ್ಯಾಪಕರು ದಾರಿಯನ್ನು ಸ್ವಲ್ಪ ಬೇರೆಯಾಗಿ ಯೋಜಿಸಬಹುದು. ಕೊಣ್ಣೂರಿನ ಶಾಸನದಿಂದ ಹೊರಟು, ಲಕ್ಷ್ಮೇಶ್ವರದ ಶಂಖಬಸದಿಯನ್ನು ನೋಡಿ, ಬಂಕಾಪುರದ ಕೋಟೆಯಲ್ಲಿ ಉತ್ತರಪುರಾಣದ ಪ್ರಶಸ್ತಿಯನ್ನು ಓದಿಸಿ, ಬಂದಳಿಕೆಯ ಮಾರ್ಗವಾಗಿ ಶ್ರವಣಬೆಳಗೊಳಕ್ಕೆ ಸಾಗಬಹುದು. ಕೊನೆಯಲ್ಲಿ ಕೂಗೆ ಬ್ರಹ್ಮದೇವ ಕಂಬದ ಮುಂದೆ ನಿಂತು, ಬಿರುದುಗಳ ಸಾಲುಗಳನ್ನೆಲ್ಲ ದಾಟಿ ಬಂಕಾಪುರವೆಂಬ ಪದ ಬರುವವರೆಗೆ ಆ ಶಾಸನವನ್ನು ಓದಿಸಬೇಕು. ಟೋಲ್ ನಾಕೆಯ ಫಲಕದಲ್ಲಿ ಓದಿದ ಹೆಸರೇ ಅಲ್ಲಿಯೂ ಇದೆಯೆಂದು ಗುರುತಿಸಿದ ವಿದ್ಯಾರ್ಥಿಗೆ ಮುಂದಿನ ಹಾದಿಯನ್ನು ಬೇರೆಯವರು ತೋರಿಸಬೇಕಾಗಿಲ್ಲ.